ಹೋಳಿಗೆ ಬಿಡಬೇಡಿ, ಅನ್ನವನ್ನು ಸರಿಸಿ

ನಮ್ಮ ಏರಿಯಾದ ಹೆಸರಲ್ಲೇ ಸಾರೂ ಇದೆ, ಅಕ್ಕಿಯೂ ಇದೆ: ಸಾರಕ್ಕಿ. ಪಕ್ಕದಲ್ಲೇ ರಾಗಿಗುಡ್ಡ. ಇಂಥ ಜಾಗದಲ್ಲಿ ಕೂತು ‘ಈ ಯುಗಾದಿಗೆ ಕಾರ್ಬ್ ಕಡಿಮೆ ಮಾಡೋಣ’ ಅಂದರೆ ಮನೆಯವರು ನಗದೆ ಇನ್ನೇನು ಮಾಡುತ್ತಾರೆ? (ಸಾರಕ್ಕಿಗೆ ಆ ಹೆಸರು ಹೇಗೆ ಬಂತು ಅನ್ನುವ ಚರ್ಚೆ ಇದಲ್ಲ. ಊಟಕ್ಕೆ ಕೂತಾಗಲೆಲ್ಲ ನಮ್ಮ ಮಾವ ಹೊಡೆಯುವ ಹಳೇ ಜೋಕು, ಅಷ್ಟೇ.)

ಮನೆಯ ಲೆಕ್ಕ ಮಾತ್ರ ನಗುವ ಹಾಗಿರಲಿಲ್ಲ. ಹಬ್ಬಕ್ಕೆ ನಮ್ಮಲ್ಲಿ ಹನ್ನೊಂದು ಎಲೆ ಹಾಕುತ್ತೇವೆ. ಅತ್ತೆಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ಅವರ ತಮ್ಮನಿಗೂ ಇದೆ, ನಮ್ಮ ಯಜಮಾನರು ‘ಬಾರ್ಡರ್‌ನಲ್ಲಿದ್ದೀನಿ’ ಅಂತ ಮೂರು ವರ್ಷದಿಂದ ಬಾರ್ಡರ್ ಕಾಯುತ್ತಿದ್ದಾರೆ. ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಮಧುಮೇಹವಿದೆ ಎಂದು ಐಸಿಎಂಆರ್‌ನ ‘ಇಂಡಿಯಾಬ್’ ಸಮೀಕ್ಷೆ 2023ರಲ್ಲಿ ಹೇಳಿತು. ಅದರ ಒಂದು ಸಣ್ಣ ಶಾಖೆ ನಮ್ಮ ಮನೆಯಲ್ಲೇ ತೆರೆದಿದೆ ಅಂದುಕೊಳ್ಳಿ.

ಹೋದ ಸಲ ಹಬ್ಬದ ಮರುದಿನ ಒಂದು ಚೀಟಿ ಹಿಡಿದು ಕೂತು ಒಂದೇ ಒಂದು ಎಲೆಯ ಲೆಕ್ಕ ಹಾಕಿದೆ. ಒಂದು ಬಟ್ಟಲು ಅನ್ನದಲ್ಲಿ 40 ಗ್ರಾಂಗಿಂತ ತುಸು ಹೆಚ್ಚು ಕಾರ್ಬ್ ಇರುತ್ತದೆ. ಚಿತ್ರಾನ್ನ ಒಂದು ಬಟ್ಟಲು, ಸಾರಿಗೆ ಒಂದು, ಮಜ್ಜಿಗೆಗೆ ಒಂದು. ಜೊತೆಗೆ ಎರಡು ಹೋಳಿಗೆ, ಒಂದು ಲೋಟ ಪಾಯಸ. ಒಟ್ಟು 225 ಗ್ರಾಂ ದಾಟಿತು. ಒಂದೇ ಹೊತ್ತಿನ ಊಟಕ್ಕೆ! ಹಪ್ಪಳ, ಬಾಳೆಹಣ್ಣು ಇನ್ನೂ ಸೇರಿಸಿರಲಿಲ್ಲ.

ಈ ಸಲ ಅದೇ ಎಲೆ, ಅದೇ ಹಬ್ಬ, ಹೆಚ್ಚುಕಡಿಮೆ ಅದೇ ಅಡುಗೆ; 130 ಗ್ರಾಂ ಆಸುಪಾಸಿಗೆ ಇಳಿದಿದೆ. ಸೊನ್ನೆ ಮಾಡುವ ಆಸೆ ನನಗಿಲ್ಲ, ನಿಮಗೂ ಬೇಡ. ಹೇಗೆ ಇಳಿಯಿತು, ಎಲ್ಲಿ ಎಡವಿದೆ ಅನ್ನುವುದು ಇಲ್ಲಿದೆ.

1. ಹೇಳಬೇಡಿ, ಬಡಿಸಿ

‘ಈ ಸಲ ಡಯಟ್ ಹಬ್ಬ’ ಅಂತ ಮೊದಲೇ ಸಾರಿದಿರೋ, ಮುಗಿಯಿತು. ಎಲೆಯ ಮುಂದೆ ಕೂರುವ ಮೊದಲೇ ಎಲ್ಲರಿಗೂ ಹೊಟ್ಟೆ ತುಂಬಿರುವುದಿಲ್ಲ. ಚಿಕ್ಕಪ್ಪನ ಮಗ ಬರುವಾಗಲೇ ಹೋಟೆಲಿನಲ್ಲಿ ಎರಡು ಇಡ್ಲಿ ಮುಗಿಸಿ ಬರುತ್ತಾನೆ. ನಾನು ಯಾರಿಗೂ ಒಂದಕ್ಷರ ಹೇಳಲಿಲ್ಲ. ಎಲೆಯ ಮೇಲೆ ಏನೂ ಕಡಿಮೆ ಕಾಣಬಾರದು ಅನ್ನುವುದೊಂದೇ ನಿಯಮ. ಅನ್ನ ಬೀಳುವ ಜಾಗದಲ್ಲಿ ಬೇರೆ ಏನೋ ಇರಬೇಕು, ಖಾಲಿ ಹಸಿರು ಎಲೆ ಕಾಣಕೂಡದು.

2. ಅಕ್ಕಿ ಡಬ್ಬ ತೆರೆಯುವ ಮೊದಲು ತರಕಾರಿ ತನ್ನಿ

ಯುಗಾದಿಯ ಹಿಂದಿನ ಸಂಜೆ ಸಾರಕ್ಕಿ ಮಾರ್ಕೆಟ್‌ಗೆ ಹೋಗಿ ಗೊತ್ತಿದ್ದರೆ ಹೇಳಬೇಕಾಗಿಲ್ಲ. ಮಾವಿನೆಲೆ, ಬೇವಿನ ಸೊಪ್ಪಿನ ಕಟ್ಟು, ಹೂವಿನ ಬುಟ್ಟಿ ಕನಕಪುರ ರಸ್ತೆಗೇ ಇಳಿದಿರುತ್ತವೆ. ಸಿಗ್ನಲ್‌ನಲ್ಲಿ ಬಸ್ಸು ನಿಂತರೆ ಹೂವಿನವರಿಗೆ ಇನ್ನೊಂದು ವ್ಯಾಪಾರ. ಆ ನೂಕುನುಗ್ಗಲಿನಲ್ಲಿ ತರಕಾರಿ ಆರಿಸಲಾಗದು. ಒಂದು ದಿನ ಮುಂಚೆ ಬೆಳಿಗ್ಗೆ ಹೋಗಿ.

ತರಬೇಕಾದದ್ದು: ಹುರುಳಿಕಾಯಿ, ನವಿಲುಕೋಸು, ಬೂದುಗುಂಬಳದ ಒಂದು ಹೋಳು, ಎಳೇ ಸೌತೆಕಾಯಿ, ಸಬ್ಬಸಿಗೆ ಸೊಪ್ಪು, ಒಂದು ಹೂಕೋಸು, ಹುಳಿ ಇರುವ ಮಾವಿನಕಾಯಿ. ಬಿಟ್ಟು ಬರಬೇಕಾದದ್ದು: ಆಲೂಗಡ್ಡೆ, ಗೆಣಸು. ಹಾಗಲಕಾಯಿ ಗೊಜ್ಜು ಮಾಡುವವರಿಗೆ ಒಂದು ಕಿವಿಮಾತು. ಹಾಗಲ ಕಹಿ ಅಂತ ಅಚ್ಚು ಅಚ್ಚು ಬೆಲ್ಲ ಸುರಿದರೆ ಹಾಗಲ ತಿಂದದ್ದು ಹೆಸರಿಗೆ ಮಾತ್ರ.

3. ಎಲೆಯ ಮೇಲ್ಸಾಲು ಮೊದಲು ಖಾಲಿಯಾಗಲಿ

ಇದೊಂದನ್ನೇ ಮಾಡಿ ಉಳಿದದ್ದನ್ನೆಲ್ಲ ಬಿಟ್ಟರೂ ಲಾಭವಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಾಳೆ ಎಲೆಯ ಮೇಲರ್ಧದಲ್ಲಿ ಏನಿರುತ್ತದೆ? ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು. ಕೆಳಗರ್ಧದಲ್ಲಿ ಚಿತ್ರಾನ್ನ, ಅನ್ನ, ಸಿಹಿ. ಮೇಲಿನದರಲ್ಲಿ ಕಾಳು-ತರಕಾರಿ, ಕೆಳಗಿನದರಲ್ಲಿ ಪಿಷ್ಟ. ನಮ್ಮ ಹಿರಿಯರು ಗ್ಲೂಕೋಮೀಟರ್ ನೋಡಿ ಈ ಸಾಲು ಹಾಕಿದರು ಎಂದು ನಾನು ಹೇಳುವುದಿಲ್ಲ. ಈಗೀಗ ಎಲ್ಲದಕ್ಕೂ ‘ನಮ್ಮವರಿಗೆ ಆಗಲೇ ಗೊತ್ತಿತ್ತು’ ಅನ್ನುವ ಚಟ ಬಹಳ ಆಗಿದೆ. ಆದರೆ ಸಾಲು ತಯಾರಿದೆ, ಉಪಯೋಗಿಸಿಕೊಳ್ಳೋಣ.

ನ್ಯೂಯಾರ್ಕ್‌ನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಒಂದು ಸಣ್ಣ ಪ್ರಯೋಗ ಪ್ರಕಟಿಸಿದರು. ಟೈಪ್-2 ಮಧುಮೇಹವಿದ್ದ 11 ಜನ, ಅಂದರೆ ನಮ್ಮ ಮನೆಯ ಎಲೆಗಳಷ್ಟೇ. ಅದೇ ಊಟವನ್ನು ಒಂದು ದಿನ ಬ್ರೆಡ್ಡು-ಹಣ್ಣಿನ ರಸ ಮೊದಲು, ಇನ್ನೊಂದು ದಿನ ತರಕಾರಿ-ಕೋಳಿ ಮೊದಲು ಕೊಟ್ಟರು. ನಡುವೆ ಹದಿನೈದು ನಿಮಿಷ ಬಿಡುವು. ಪಿಷ್ಟ ಕೊನೆಗೆ ತಿಂದ ದಿನ, ಒಂದು ಗಂಟೆಯ ಹೊತ್ತಿಗೆ ರಕ್ತದ ಸಕ್ಕರೆ ಸುಮಾರು ಶೇ 37ರಷ್ಟು ಕಡಿಮೆ ಇತ್ತು. ಹನ್ನೊಂದೇ ಜನರ ಲೆಕ್ಕ, ನಿಜ. ಆದರೆ ಮನೆಯಲ್ಲಿ ಮಾಡಿ ನೋಡಲು ಒಂದು ಪೈಸೆ ಖರ್ಚಿಲ್ಲ.

ನಾನು ಮಾಡಿದ್ದು ಇಷ್ಟು: ಕೋಸಂಬರಿ, ಪಲ್ಯ, ನುಚ್ಚಿನುಂಡೆ, ಮಜ್ಜಿಗೆ ಹುಳಿ ಬಡಿಸಿ, ‘ಶುರು ಮಾಡಿ, ಅನ್ನ ಆಗ್ತಾ ಇದೆ’ ಅಂದೆ. ಅನ್ನ ಆಗಿತ್ತು. ಕುಕ್ಕರಿನ ಮುಚ್ಚಳ ತೆಗೆದಿರಲಿಲ್ಲ, ಅಷ್ಟೇ. ಹತ್ತು ಹನ್ನೆರಡು ನಿಮಿಷ ಕಳೆಯಿತು. ಅನ್ನ ಬರುವಷ್ಟರಲ್ಲಿ ಅರ್ಧ ಹೊಟ್ಟೆ ತುಂಬಿತ್ತು. ಎಲೆಯ ತುದಿಗೆ ಮೊದಲು ಹಾಕುವ ಒಂದು ಚಮಚ ಪಾಯಸವನ್ನು ಶಾಸ್ತ್ರಕ್ಕೆ ಹಾಕಿ. ಅದು ಲೆಕ್ಕಕ್ಕಿಲ್ಲ.

4. ಕೋಸಂಬರಿ ಚಮಚದಲ್ಲಲ್ಲ, ಬಟ್ಟಲಲ್ಲಿ

ಮದುವೆ ಮನೆಯಲ್ಲಿ ಕೋಸಂಬರಿ ಬಡಿಸುವವರನ್ನು ನೋಡಿದ್ದೀರಲ್ಲ, ಬೆರಳ ತುದಿಯಲ್ಲಿ ಪ್ರಸಾದ ಕೊಟ್ಟ ಹಾಗೆ. ಮನೆಯಲ್ಲಿ ಹಾಗೆ ಬೇಡ. ಹೆಸರುಬೇಳೆ ಒಂದೂವರೆ ಗಂಟೆ ನೆನೆಯಲಿ, ಅದರ ಎರಡರಷ್ಟು ಹೆಚ್ಚಿದ ಸೌತೆಕಾಯಿ, ಹುಳಿಗೆ ನಿಂಬೆಯ ಬದಲು ಮಾವಿನಕಾಯಿ ತುರಿ, ತೆಂಗಿನಕಾಯಿ, ಇಂಗಿನ ಒಗ್ಗರಣೆ. ಉಪ್ಪು ಮಾತ್ರ ಬಡಿಸುವ ಗಳಿಗೆಯಲ್ಲಿ. ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಬೇಳೆ ಈಜಾಡುತ್ತದೆ. ತಲೆಗೆ ಒಂದು ಬಟ್ಟಲು ಅಂತ ಲೆಕ್ಕ ಹಾಕಿ ಮಾಡಿ.

5. ಅಂಬೊಡೆಯ ಕುರ್ಚಿಯಲ್ಲಿ ನುಚ್ಚಿನುಂಡೆ ಕೂರಿಸಿ

ಪಿಷ್ಟ ಕಡಿಮೆಯ ಹಬ್ಬದಡುಗೆ ಅಂದ ಕೂಡಲೇ ಬಾದಾಮಿ ಹಿಟ್ಟು, ಬೆಣ್ಣೆಹಣ್ಣು, ಹೆಸರು ಹೇಳಲೂ ಬಾರದ ಬೀಜಗಳನ್ನು ಆನ್‌ಲೈನ್‌ನಲ್ಲಿ ತರಿಸುವವರಿದ್ದಾರೆ. ತೊಗರಿಬೇಳೆ ಡಬ್ಬ ಮನೆಯಲ್ಲೇ ಇದೆ ಮಹಾರಾಯರೇ. ನಮ್ಮ ಹಳೇ ಮೈಸೂರು ಕಡೆಯ ನುಚ್ಚಿನುಂಡೆಗಿಂತ ಚೆನ್ನಾದದ್ದು ನನಗಂತೂ ಗೊತ್ತಿಲ್ಲ. ಅಕ್ಕಿ ಇಲ್ಲ, ಮೈದಾ ಇಲ್ಲ, ಕರಿಯುವುದಿಲ್ಲ.

ಕಾಲು ಕೆಜಿ ತೊಗರಿಬೇಳೆ ಎರಡು ಗಂಟೆ ನೆನೆಸಿ. ಆಮೇಲೆ ಜರಡಿಯಲ್ಲಿ ಹಾಕಿ ನೀರು ಪೂರ್ತಿ ಇಳಿಯಲು ಬಿಡಿ. ಇಲ್ಲಿ ಅವಸರ ಮಾಡಿದರೆ ಉಂಡೆ ನಿಲ್ಲುವುದಿಲ್ಲ. ಹಸಿಮೆಣಸಿನಕಾಯಿ, ಶುಂಠಿ, ಉಪ್ಪು ಸೇರಿಸಿ ನೀರು ಹಾಕದೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಹದ ನೋಡುವುದು ಬೆರಳಲ್ಲಿ. ಒಂದು ಚಿಟಿಕೆ ಎತ್ತಿ ಉಜ್ಜಿದರೆ ತರಿತರಿ ಸಿಗಬೇಕು, ಒತ್ತಿದರೆ ಅಂಟಿಕೊಳ್ಳಬೇಕು. ನುಣ್ಣಗಾಯಿತೋ, ಬೆಂದ ಮೇಲೆ ಕಲ್ಲು. ಇದಕ್ಕೆ ತೆಂಗಿನ ತುರಿ, ಜೀರಿಗೆ, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು ಕಲಸಿ, ಅಂಗೈಯಲ್ಲಿ ಉದ್ದುದ್ದಕ್ಕೆ ಒತ್ತಿ, ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿ. ಇಪ್ಪತ್ತು ಉಂಡೆ ಆಗುತ್ತದೆ. ಒಂದೊಂದರಲ್ಲಿ ಸುಮಾರು 7 ಗ್ರಾಂ ಕಾರ್ಬ್, ಎರಡೂವರೆ ಗ್ರಾಂಗಿಂತ ಹೆಚ್ಚು ಪ್ರೋಟೀನ್.

ಇದಕ್ಕೆ ಬೂದುಗುಂಬಳದ ಮಜ್ಜಿಗೆ ಹುಳಿ ಮಾಡಿದರೆ ಬೇರೆ ಜೋಡಿ ಹುಡುಕಬೇಕಾಗಿಲ್ಲ. ಬಟ್ಟಲಲ್ಲಿ ಎರಡು ಉಂಡೆ ಇಟ್ಟು ಮೇಲೆ ಬಿಸಿ ಮಜ್ಜಿಗೆ ಹುಳಿ ಹೊಯ್ದು ಕೊಡಿ. ಅನ್ನದ ನೆನಪು ಸ್ವಲ್ಪ ತಡವಾಗಿ ಬರುತ್ತದೆ. ಮಜ್ಜಿಗೆ ಹಾಕಿದ ಮೇಲೆ ಒಂದು ಉಕ್ಕು ಬರುವ ಮುನ್ನವೇ ಒಲೆ ಆರಿಸಿ, ಇಲ್ಲದಿದ್ದರೆ ಒಡೆಯುತ್ತದೆ.

6. ಚಿತ್ರಾನ್ನಕ್ಕೆ ಮೋಸ ಮಾಡಿ, ಆದರೆ ಅರ್ಧ ಮಾತ್ರ

ನಾನು ಬಿದ್ದದ್ದು ಇಲ್ಲೇ. ಹೋದ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಉತ್ಸಾಹದಲ್ಲಿ ಪೂರ್ತಿ ಹೂಕೋಸಿನ ಚಿತ್ರಾನ್ನ ಮಾಡಿದೆ. ಕೈಯಲ್ಲಿ ತುರಿಯುವ ಬದಲು ಮಿಕ್ಸಿಗೆ ಹಾಕಿದೆ, ಅದು ಮುದ್ದೆಯಾಯಿತು. ಬಾಣಲೆಗೆ ಹಾಕಿ ಮುಚ್ಚಳ ಮುಚ್ಚಿದೆ, ನೀರು ಬಿಟ್ಟಿತು, ಕೋಸಿನ ಗಮಲು ಬೀದಿಗೆ ಹೋಯಿತು. ಅರಿಶಿನ, ಕಡಲೆಕಾಯಿ ಬೀಜ, ಕರಿಬೇವು ಎಲ್ಲ ಹಾಕಿ ಅಲಂಕಾರ ಮಾಡಿ ಬಡಿಸಿದೆ. ಮಾವ ಒಂದು ತುತ್ತು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದರು.

“ಏನವ್ವಾ, ಅಕ್ಕಿ ರೇಷನ್‌ದಾ?”

ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗದೆ ಪೂರ್ತಿ ತಿಂದರು, ಪಾಪ.

ಈಗ ಹೀಗೆ: ಹೂಕೋಸನ್ನು ತುರಿಮಣೆಯ ದೊಡ್ಡ ತೂತಿನಲ್ಲಿ ತುರಿದು, ಬಟ್ಟೆಯಲ್ಲಿ ಹಿಂಡಿ, ಅಗಲವಾದ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಮುಚ್ಚಳ ಮುಚ್ಚದೆ ಐದು ನಿಮಿಷ. ಅದು ಹುಡಿಹುಡಿಯಾದಾಗ ಅಷ್ಟೇ ಪ್ರಮಾಣದ ಉದುರಾದ ಅನ್ನ ಸೇರಿಸಿ. ಗೊಜ್ಜು ಜೋರಾಗಿರಲಿ: ಮಾವಿನಕಾಯಿ ತುರಿ, ತೆಂಗಿನಕಾಯಿ, ಒಣಮೆಣಸಿನಕಾಯಿ, ಅರ್ಧ ಚಮಚ ಸಾಸಿವೆ ಸೇರಿಸಿ ರುಬ್ಬಿದ್ದು. ಸಾಸಿವೆಯ ಘಾಟಿಗೆ ಕೋಸು ತೆಪ್ಪಗಾಗುತ್ತದೆ. ಅರ್ಧಕ್ಕರ್ಧ ಮಿಶ್ರಣವನ್ನು ಈ ಸಲ ಮಾವ ಎರಡು ಸಲ ಹಾಕಿಸಿಕೊಂಡರು. ಅಕ್ಕಿಯ ಪ್ರಸ್ತಾಪ ಬರಲಿಲ್ಲ.

ಹಿಂದಿನ ರಾತ್ರಿಯ ಅನ್ನದಲ್ಲಿ ಪಿಷ್ಟ ಸ್ವಲ್ಪ ಬದಲಾಗಿ ನಿಧಾನವಾಗಿ ಅರಗುತ್ತದೆ ಅನ್ನುವುದು ನಿಜವೇ. ಆದರೆ ಲಾಭ ಸಣ್ಣದು, ತಂಗಳು ಅಂತ ಎರಡರಷ್ಟು ತಿಂದರೆ ಅದೂ ಹೋಯಿತು. ರಾತ್ರಿಯ ಅನ್ನವನ್ನು ಹೊರಗೆ ಬಿಡದೆ ಫ್ರಿಜ್ಜಿನಲ್ಲಿಡಿ.

7. ಹೋಳಿಗೆಯನ್ನು ಅರ್ಧ ಮಾಡಿ, ತುಂಡು ಮಾಡಬೇಡಿ

ಹೋಳಿಗೆ ಇಲ್ಲದ ಯುಗಾದಿಯನ್ನು ನಾನು ಮಾಡುವುದಿಲ್ಲ, ನಿಮಗೂ ಹೇಳುವುದಿಲ್ಲ. ಅತ್ತೆಗೆ ಅರ್ಧ ಹರಿದು ಕೊಡುವುದು ಇನ್ನೂ ಕೆಟ್ಟದ್ದು. ಹನ್ನೊಂದು ಜನರ ನಡುವೆ ಒಬ್ಬರ ಎಲೆಯಲ್ಲಿ ಮಾತ್ರ ಹರಿದ ಹೋಳಿಗೆ. ಅದರ ಬದಲು ಎಲ್ಲರ ಹೋಳಿಗೆಯೂ ಚಿಕ್ಕದಾಗಲಿ.

ನನ್ನ ಹಳೇ ಅಳತೆ: ಕಡಲೆಬೇಳೆ 250 ಗ್ರಾಂ, ಬೆಲ್ಲ 250 ಗ್ರಾಂ, ಕಣಕಕ್ಕೆ ಮೈದಾ 150 ಗ್ರಾಂ. ಹನ್ನೆರಡು ದಪ್ಪ ಹೋಳಿಗೆ. ಒಂದಕ್ಕೆ 37 ಗ್ರಾಂ ಕಾರ್ಬ್. ಹೊಸದು: ಬೇಳೆ ಅಷ್ಟೇ, ಬೆಲ್ಲ 125 ಗ್ರಾಂ, ನುಣ್ಣಗೆ ರುಬ್ಬಿದ ಹಸಿ ತೆಂಗಿನಕಾಯಿ 100 ಗ್ರಾಂ, ಕಣಕಕ್ಕೆ 120 ಗ್ರಾಂ. ಹದಿನಾರು ಹೋಳಿಗೆ. ಒಂದಕ್ಕೆ ಸುಮಾರು 20 ಗ್ರಾಂ. ಲೆಕ್ಕ ನೋಡಿ: ಹಳೆಯದರಲ್ಲಿ ಅರ್ಧದಷ್ಟು ಕಾರ್ಬ್ ಬರುತ್ತಿದ್ದದ್ದು ಬೆಲ್ಲದಿಂದಲೇ. ಬೇಳೆಯ ಮೇಲೆ ಸುಮ್ಮನೆ ಅಪವಾದ.

ಬೆಲ್ಲ ಇಳಿದರೆ ಹೂರಣ ಬೇಗ ಒಣಗುತ್ತದೆ, ಆದ್ದರಿಂದ ಒಲೆಯ ಮೇಲೆ ಕಡಿಮೆ ಹೊತ್ತು ಕೈಯಾಡಿಸಿ. ಉಂಡೆ ಕಟ್ಟಿದರೆ ಬಿರುಕು ಬಿಡಬಾರದು. ಕಾಯಿ ತರಿಯಾಗಿ ಉಳಿದರೆ ತಟ್ಟುವಾಗ ಕಣಕ ಹರಿಯುತ್ತದೆ, ಅದಕ್ಕೇ ನುಣ್ಣಗೆ ರುಬ್ಬುವುದು. ಸಿಹಿಯ ಕೊರತೆ ನಾಲಗೆಗೆ ಗೊತ್ತಾಗದಿರಲು ಏಲಕ್ಕಿ ಜಾಸ್ತಿ, ಒಂದು ಚಿಟಿಕೆ ಜಾಯಿಕಾಯಿ, ಕಣಕಕ್ಕೆ ಒಂದು ಕಲ್ಲು ಉಪ್ಪು. ಕಣಕ ಎಣ್ಣೆಯಲ್ಲಿ ಎರಡು ಗಂಟೆ ನೆಂದರೆ ಒಂದಕ್ಕೆ ಮೂರರಷ್ಟು ಹೂರಣ ಹಿಡಿಯುತ್ತದೆ. ತೆಳ್ಳಗಿನ ಕಣಕ ಒಳ್ಳೇ ಕೈಯ ಗುರುತು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅವರ ಕಾಲದಲ್ಲಿ ಅದಕ್ಕೆ ಕಾರ್ಬ್ ಕಾರಣವಾಗಿರಲಿಲ್ಲ.

ಮನೆಯಲ್ಲಿ ಮಾಡಲಾಗದವರು ಜಯನಗರ, ಜೆ.ಪಿ. ನಗರದ ಬಿಸಿ ಹೋಳಿಗೆ ಅಂಗಡಿಗಳಿಂದ ತಲೆಗೊಂದರಂತೆ ಎಣಿಸಿ ತನ್ನಿ. ‘ಇರಲಿ ಅಂತ ಇನ್ನೊಂದು ಆರು’ ಅನ್ನುವ ಬಾಯಿಗೆ ಅಂಗಡಿಯಲ್ಲೇ ಬೀಗ.

ಒಬ್ಬಟ್ಟಿನ ಸಾರು ಬಿಡಬೇಕಾಗಿಲ್ಲ. ಬೇಳೆ ಬಸಿದ ಕಟ್ಟು, ರುಬ್ಬಿದ ಮಸಾಲೆ, ಹುಣಸೆ ಇರಲಿ. ಹೂರಣ ಒಂದು ನಿಂಬೆಗಾತ್ರ ಸಾಕು. ಲೋಟಕ್ಕೆ ಹಾಕಿ ಕುಡಿಯಲು ಕೊಟ್ಟರೆ ಅನ್ನ ಇನ್ನೂ ಕಡಿಮೆ ಇಳಿಯುತ್ತದೆ.

8. ಬೆಲ್ಲ ಔಷಧಿಯಲ್ಲ

‘ಸಕ್ಕರೆ ಅಲ್ವಲ್ಲ, ಬೆಲ್ಲ ತಾನೇ’ ಅನ್ನುವ ಮಾತು ಪ್ರತಿ ಹಬ್ಬಕ್ಕೂ ಕೇಳುತ್ತದೆ. ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಕಾರ್ಬ್ ಇದೆ. ಅದು ‘ಸಾವಯವ’ವಾದರೂ ಅಷ್ಟೇ, ಕಪ್ಪಗಿದ್ದರೂ ಅಷ್ಟೇ. ಬದಲಿ ಸಿಹಿಪುಡಿಗಳ ಮೇಲೂ ನನಗೆ ಪ್ರೀತಿಯಿಲ್ಲ. ತೂಕ ಇಳಿಸುವ ಉಪಾಯವಾಗಿ ಅವನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ ಅಂತಲೂ ಹೇಳಿತು. ಅವರು ಡಾಕ್ಟರನ್ನು ಕೇಳಿ ಹಾಕಿಕೊಳ್ಳಲಿ. ಹೂರಣಕ್ಕೆ ಮಾತ್ರ ಅದು ಒಗ್ಗುವುದಿಲ್ಲ, ಬೆಲ್ಲದ ಬಂಧ ಬರುವುದಿಲ್ಲ.

ಬೇವು-ಬೆಲ್ಲಕ್ಕೆ ಕೈಹಾಕಬೇಡಿ. ಅದು ಚಿಟಿಕೆಯ ವ್ಯವಹಾರ.

9. ಪಾಯಸಕ್ಕೆ ಗಸಗಸೆ

ಶ್ಯಾವಿಗೆ, ಸಬ್ಬಕ್ಕಿ, ಅಕ್ಕಿ ಪಾಯಸಗಳನ್ನು ಈ ಸಲ ಬಿಡಿ. ಗಸಗಸೆ ಹುರಿದು, ತೆಂಗಿನಕಾಯಿ, ಏಲಕ್ಕಿಯೊಂದಿಗೆ ರುಬ್ಬಿ. ಮಂದವಾಗಲೆಂದು ಹಾಕುವ ಅಕ್ಕಿಯ ಬದಲು ನೆನೆಸಿ ಸಿಪ್ಪೆ ತೆಗೆದ ಹತ್ತು ಬಾದಾಮಿ ಸಾಕು. ಬೆಲ್ಲ ಎಂದಿನ ಅರ್ಧ, ಲೋಟವೂ ಎಂದಿನ ಅರ್ಧ. ಊಟವಾದ ಮೇಲೆ ನಿದ್ದೆ ಬಂದರೆ ಗಸಗಸೆಯ ಮೇಲೆ ಹೇಳಿ ತಪ್ಪಿಸಿಕೊಳ್ಳಬಹುದು.

10. ರಾಗಿಗೂ ಸಿರಿಧಾನ್ಯಕ್ಕೂ ಲೆಕ್ಕವಿದೆ

ಇದನ್ನು ರಾಗಿಗುಡ್ಡದ ನೆರಳಲ್ಲಿ ಕೂತು ಬರೆಯಲು ಸ್ವಲ್ಪ ಭಯವೇ. ರಾಗಿಯ ರಾಶಿಯೇ ಕಲ್ಲಾಗಿ ಗುಡ್ಡವಾಯಿತು ಅನ್ನುವ ಐತಿಹ್ಯದ ಊರಿನವರಿಗೆ ‘ರಾಗಿಯಲ್ಲೂ ಕಾರ್ಬ್ ಇದೆ’ ಅಂದರೆ ಕೋಪ ಬರುವುದು ಸಹಜ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪಟ್ಟಿ ತೆಗೆದು ನೋಡಿ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಕಾರ್ಬ್ ಸುಮಾರು 78 ಗ್ರಾಂ, ರಾಗಿಯಲ್ಲಿ 67. ನವಣೆ, ಸಾಮೆಗಳೂ 60 ದಾಟುತ್ತವೆ. ರಾಗಿಯ ಹೆಚ್ಚುಗಾರಿಕೆ ನಾರಿನಲ್ಲಿ. ಅಕ್ಕಿಯಲ್ಲಿ ಮೂರು ಗ್ರಾಂ ಸಹ ಇಲ್ಲ, ರಾಗಿಯಲ್ಲಿ 11. ಸುಣ್ಣದ ಅಂಶವಂತೂ ಹೇಳುವುದೇ ಬೇಡ.

ಹಾಗಾಗಿ ಅಕ್ಕಿಯ ಜಾಗಕ್ಕೆ ನವಣೆ ತಂದು ಅಷ್ಟೇ ರಾಶಿ ಹಾಕಿಕೊಂಡರೆ ಧಾನ್ಯ ಬದಲಾಯಿತು, ಎಲೆ ಬದಲಾಗಲಿಲ್ಲ. 2023ನೇ ಇಸವಿಯನ್ನು ಸಿರಿಧಾನ್ಯ ವರ್ಷವೆಂದು ಜಗತ್ತೇ ಆಚರಿಸಿದ ಮೇಲೆ ನಮ್ಮ ರಸ್ತೆಯ ಬೇಕರಿಯಲ್ಲೂ ಸಿರಿಧಾನ್ಯದ ಬಿಸ್ಕತ್ತು ಬಂತು. ಪೊಟ್ಟಣ ತಿರುಗಿಸಿ ಹಿಂದೆ ಬರೆದದ್ದನ್ನೂ ಓದಿ: ಎರಡನೆಯ ಹೆಸರು ಸಕ್ಕರೆ.

11. ಅನ್ನದ ಕೈ ಬದಲಿಸಿ

ನಮ್ಮ ಮನೆಯ ಅನ್ನದ ಕೈ ಅಂದರೆ ಹಿತ್ತಾಳೆಯದು, ಅಗಲವಾದದ್ದು. ಅತ್ತೆಯ ತವರಿಂದ ಬಂದದ್ದು. ಒಂದು ಸಲ ಅದ್ದಿದರೆ ಮುಕ್ಕಾಲು ಬಟ್ಟಲು. ಅದನ್ನು ಪಲ್ಯದ ಪಾತ್ರೆಗೆ ವರ್ಗ ಮಾಡಿದೆ. ಪಲ್ಯದ ಸಣ್ಣ ಸೌಟು ಅನ್ನಕ್ಕೆ ಬಂತು. ಬಡಿಸುವವರು ಎಂದಿನಂತೆ ‘ಒಂದು ಕೈ’ ಹಾಕಿದರು, ಊಟ ಮಾಡುವವರು ಎಂದಿನಂತೆ ‘ಸಾಕು ಸಾಕು’ ಅಂದರು. ಹಿಂದೆ ಹಬ್ಬಕ್ಕೆ ಒಂದೂಕಾಲು ಕೆಜಿ ಅಕ್ಕಿ ಇಡುತ್ತಿದ್ದೆ. ಈ ಸಲ ಆರುನೂರು ಗ್ರಾಂ ಇಟ್ಟೆ. ಎರಡು ಮುಷ್ಟಿ ಅನ್ನ ಉಳಿಯಿತು ಕೂಡ.

ಉಪಚಾರಕ್ಕೂ ಒಂದು ಕಟ್ಟಳೆ: ‘ಇನ್ನೊಂದ್ ಚೂರು’ ಅನ್ನುವುದು ಕೋಸಂಬರಿ, ಪಲ್ಯ, ನುಚ್ಚಿನುಂಡೆಗೆ ಮಾತ್ರ. ಅನ್ನ, ಹೋಳಿಗೆ ಕೇಳಿದವರಿಗೆ. ತುಪ್ಪಕ್ಕೂ ಹಾಗೆಯೇ. ಅದರಲ್ಲಿ ಕಾರ್ಬ್ ಇಲ್ಲ ಅಂತ ಡಬ್ಬ ಬೋರಲು ಹಾಕುವ ಹಾಗಿಲ್ಲ. ಒಂದು ಮಿಳ್ಳೆ ಸಾಕು.

12. ಮಾತ್ರೆ ಹಾಕಿಕೊಂಡವರನ್ನು ಪೂಜೆ ಮುಗಿಯುವವರೆಗೆ ಕಾಯಿಸಬೇಡಿ

ಇಲ್ಲಿ ತಮಾಷೆ ಬೇಡ. ನಮ್ಮಲ್ಲಿ ಹಬ್ಬದೂಟಕ್ಕೆ ಎರಡೂವರೆ ಆಗುತ್ತದೆ. ನೈವೇದ್ಯವಾಗುವ ತನಕ ಬಾಯಿಗೆ ಏನೂ ಹಾಕದ ಹಟ ಅತ್ತೆಯದಾಗಿತ್ತು, ಮಾತ್ರೆ ಮಾತ್ರ ಎಂಟಕ್ಕೇ ಆಗಿರುತ್ತಿತ್ತು. ಮೂರು ವರ್ಷದ ಹಿಂದೆ ಪೂಜೆಯ ನಡುವೆ ಬೆವರಿ, ಕೈ ನಡುಗಿ, ಆರತಿ ತಟ್ಟೆ ಕೆಳಗಿಟ್ಟು ಗೋಡೆಗೆ ಒರಗಿಬಿಟ್ಟರು. ಅಂದು ಉಳಿಸಿದ್ದು ನೈವೇದ್ಯಕ್ಕಿಟ್ಟಿದ್ದ ಬೆಲ್ಲವೇ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಿಗೆ ಊಟ ತಡವಾದರೂ ಅಪಾಯ, ಪಿಷ್ಟ ಏಕಾಏಕಿ ಅರ್ಧವಾದರೂ ಸಕ್ಕರೆ ಕುಸಿಯಬಹುದು. ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಡಾಕ್ಟರಿಗೆ ‘ಅವತ್ತು ಹೀಗೆ ತಿನ್ನುತ್ತೇವೆ, ಇಷ್ಟು ಹೊತ್ತಿಗೆ’ ಅಂತ ಹೇಳಿ ಕೇಳಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರು ಬೇಳೆ-ಕಾಳಿನ ಪ್ರಮಾಣವನ್ನೂ ಕೇಳಬೇಕು. ಈಗ ಅತ್ತೆಗೆ ಒಂಬತ್ತು ಗಂಟೆಗೆ ಒಂದು ಬಟ್ಟಲು ಕಡಲೆಕಾಳು ಉಸಲಿ. ದೇವರಿಗೆ ಬೇಸರವಾದ ಸೂಚನೆ ಇದುವರೆಗೆ ಬಂದಿಲ್ಲ.

13. ಎಲೆ ಎತ್ತಿದ ಮೇಲೆ ಚಾಪೆ ಹಾಸಬೇಡಿ

ಹತ್ತು-ಹದಿನೈದು ನಿಮಿಷ ನಡೆದರೆ ಸಾಕು, ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಯುಗಾದಿ ಬಿಸಿಲಿಗೆ ಸಾರಕ್ಕಿ ಕೆರೆಯ ಸುತ್ತ ನಡೆಯಿರಿ ಅಂದರೆ ಬೈಸಿಕೊಳ್ಳುತ್ತೇನೆ. ಅದು ಸಂಜೆಗಿರಲಿ. ಮಧ್ಯಾಹ್ನ ಮನೆಯೊಳಗೇ ಕೆಲಸ ಹಂಚಿ: ಎಲೆ ಎತ್ತುವುದು, ನೆಲ ಒರೆಸುವುದು, ಮೇಲಿನ ಮನೆಗೆ ಕೋಸಂಬರಿ ಕೊಟ್ಟು ಬರುವುದು. ಗಂಡಸರಿಗೇ ಕೊಡಿ. ಬಾರ್ಡರ್‌ನಲ್ಲಿರುವವರಿಗೆ ಎರಡು ಮಹಡಿ.

ಮೊದಲ ತುತ್ತಿನಿಂದ ಎರಡು ಗಂಟೆಗೆ ಗ್ಲೂಕೋಮೀಟರ್ ಚುಚ್ಚಿ ನೋಡಿ. ಸಾಮಾನ್ಯವಾಗಿ 180ರ ಒಳಗಿರಲಿ ಅನ್ನುತ್ತಾರೆ. ವಯಸ್ಸಾದವರ ಗುರಿಯನ್ನು ಅವರ ಡಾಕ್ಟರು ಹೇಳಿರುತ್ತಾರೆ. ನಮ್ಮ ಅತ್ತೆಯ ಸಂಖ್ಯೆ ಎಷ್ಟು ಬಂತು ಅನ್ನುವುದು ಮನೆಯ ಗುಟ್ಟು. ಆದರೆ ಅದನ್ನು ಅವರೇ ಫೋನ್ ಮಾಡಿ ಕನಕಪುರದ ತಂಗಿಗೆ ಹೇಳಿದರು.

14. ಹೊಸತೊಡಕಿಗೆ ಮುದ್ದೆ ಸಣ್ಣದು, ಸಾರು ದೊಡ್ಡದು

ಯುಗಾದಿಯ ಮರುದಿನದ ಹೊಸತೊಡಕು ಒಂದು ಲೆಕ್ಕದಲ್ಲಿ ಸುಲಭ. ಬೆಳಗಿನ ಜಾವವೇ ಮಟನ್ ಅಂಗಡಿ ಮುಂದೆ ಸಾಲು. ಮಾಂಸದಲ್ಲಿ ಕಾರ್ಬ್ ಇಲ್ಲವೆಂದೇ ಹೇಳಬಹುದು. ತೊಡಕು ಇರುವುದು ಮುದ್ದೆಯಲ್ಲಿ. ನೂರು ಗ್ರಾಂ ಹಿಟ್ಟಿನ ಒಂದು ದಪ್ಪ ಮುದ್ದೆ ನುಂಗಿ, ಮೇಲೆ ‘ಸಾರು ಚೆನ್ನಾಗಿದೆ’ ಅಂತ ಅನ್ನ ಹಾಕಿಸಿಕೊಂಡರೆ ನೂರರ ಗಡಿ ದಾಟಿತು. ಮುದ್ದೆಯೋ ಅನ್ನವೋ ಒಂದನ್ನು ಆರಿಸಿಕೊಳ್ಳಿ. ಮುದ್ದೆಯಾದರೆ ಕಿತ್ತಳೆ ಗಾತ್ರದ್ದು ಕಟ್ಟಿ. ಸಾರಿಗೆ ಮೂಳೆ ಬೇಯುವಾಗಲೇ ಒಂದು ಹಿಡಿ ಅವರೆಬೇಳೆ, ಎರಡು ಬದನೆಕಾಯಿ ಬಿದ್ದರೆ ತಟ್ಟೆ ತುಂಬುತ್ತದೆ. ಮಧ್ಯಾಹ್ನ ಇಸ್ಪೀಟಿಗೆ ಕೂತವರ ಮುಂದೆ ಖಾರ ಕಡ್ಡಿ, ನಿಪ್ಪಟ್ಟಿನ ಬದಲು ಹುರಿದ ಕಡಲೆಕಾಯಿ ಬೀಜ ಇಡಿ.

ಉಳಿದ ಹೋಳಿಗೆಯನ್ನು ಹಬ್ಬದ ಸಂಜೆಯೇ ಹಂಚಿಬಿಡಿ. ಹಾಲು-ತುಪ್ಪ ಹಾಕಿಕೊಂಡು ಮೂರು ದಿನ ತಿನ್ನುವ ಆ ಐದಾರು ಹೋಳಿಗೆಗಳೇ ಮಾಡಿದ್ದನ್ನೆಲ್ಲ ಕೆಡಿಸುವುದು. ನಾನು ಹದಿನಾರರಲ್ಲಿ ಹನ್ನೊಂದು ಬಡಿಸಿ, ಕೆಳಗಿನ ಮನೆಗೆ ಮೂರು, ಹೂವಿನ ಅಮ್ಮನಿಗೆ ಎರಡು ಕೊಟ್ಟೆ. ಲೆಕ್ಕ ಚುಕ್ತಾ ಅಂದುಕೊಂಡಿದ್ದೆ. ಹೊಸತೊಡಕಿನ ದಿನ ಉಪ್ಪಿನಕಾಯಿ ಜಾಡಿಯ ಹಿಂದೆ ಅತ್ತೆಯ ಎಲೆಅಡಿಕೆ ಡಬ್ಬ ಸಿಕ್ಕಿತು. ಒಳಗೆ ಬಾಳೆ ಎಲೆಯಲ್ಲಿ ಸುತ್ತಿದ ಒಂದು ಹೋಳಿಗೆ. ಕೆಳಗಿನ ಮನೆಯವರು ಮೂರರಲ್ಲಿ ಒಂದನ್ನು ವಾಪಸ್ ಕಳಿಸಿದ್ದರಂತೆ, ‘ಅಜ್ಜಿಗೆ’ ಅಂತ.